ಮಾಟಕ್ಕೂ ಒಂದು ಕಟ್ಟಳೆ: ನಿಗೂಢ ಕೊಲೆಯ ಸರಣಿ ನೋಡುವವರಿಗೊಂದು ಕೈಪಿಡಿ

‘ಮಾರಿಗಲ್ಲು’ ಸರಣಿ ನೋಡಿ ಮುಗಿಸಿದ ನಮ್ಮೂರು ರಾರಾವಿಯ ಹುಡುಗರಿಗೆ ತಕರಾರು ಎರಡೇ. ಒಂದು, ಅಪ್ಪು ಇನ್ನೊಂದಿಷ್ಟು ಹೊತ್ತು ಇರಬೇಕಿತ್ತು. ಎರಡು, ‘ಭಾಳ ಎಳದಾರ ಮಾವ, ಒಂದೂವರಿ ಸ್ಪೀಡಿಗೆ ಇಟ್ಟು ನೋಡಿದ್ವಿ.’ ಮೊದಲನೆಯದಕ್ಕೆ ನಾನೇನೂ ಹೇಳಲಾರೆ. ತೀರಿಹೋದ ಪುನೀತ್ ಅವರ ರೂಪವನ್ನು ತಂತ್ರಜ್ಞಾನದ ಬಲದಿಂದ ಕದಂಬ ದೊರೆಯಾಗಿ ತಂದು ನಿಲ್ಲಿಸಿದರೆ ಯಾರ ಕಣ್ಣು ತಾನೇ ಅಲ್ಲಿಂದ ಕದಲೀತು? ಆದರೆ ಎರಡನೆಯ ಮಾತು ಕೇಳಿದಾಗ ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ಬಿತ್ತು. ಭಯವನ್ನು ಒಂದೂವರೆ ಪಟ್ಟು ವೇಗದಲ್ಲಿ ಪಡುವುದು ಹೇಗಪ್ಪಾ? ಅವರಿಗಾಗಿ ಈ ಕೈಪಿಡಿ.

ದೈವ, ಶಾಪ, ಮಾಟ ಒಂದು ಕಡೆ. ಕೊಲೆ, ಕಳ್ಳತನ, ಪೊಲೀಸು ಇನ್ನೊಂದು ಕಡೆ. ಎರಡನ್ನೂ ಹೆಣೆದ ಸರಣಿಗಳು ಕನ್ನಡದಲ್ಲಿ ಈಗ ಒಂದರ ಹಿಂದೊಂದು ಬರುತ್ತಿವೆ. 2025ರ ಏಪ್ರಿಲ್‌ನಲ್ಲಿ ಜೀ5ರಲ್ಲಿ ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ ಬಂತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಪಿ.ಆರ್.ಕೆ. ಪ್ರೊಡಕ್ಷನ್ಸ್‌ನ ‘ಮಾರಿಗಲ್ಲು’ ಬಂತು, ನಿರ್ದೇಶನ ದೇವರಾಜ್ ಪೂಜಾರಿಯವರದು. ನಮ್ಮೂರಲ್ಲಿ ಇವನ್ನು ನೋಡುವವರು ಮೂರು ಬಗೆ. ಮೊದಲ ಕಂತಿಗೇ ‘ಇವನೇ ಕೊಂದಾನ’ ಎಂದು ಸಾರಿ, ಊಹೆ ನಿಜವಾದರೆ ಎದೆಯುಬ್ಬಿಸಿ, ಸುಳ್ಳಾದರೆ ಕಥೆಯೇ ಸರಿಯಿಲ್ಲ ಎನ್ನುವವರು ಒಂದು ಬಗೆ. ದೇವಿ ತೆರೆಗೆ ಬಂದ ಕೂಡಲೇ ಫೋನಿಗೇ ಕೈ ಮುಗಿಯುವವರು ಇನ್ನೊಂದು. ‘ಇದೆಲ್ಲ ಮೌಢ್ಯ ಬಿತ್ತೋ ಕೆಲಸ’ ಎಂದು ಹುಬ್ಬು ಗಂಟಿಕ್ಕಿಕೊಂಡೇ ಕೊನೆಯ ಕಂತಿನವರೆಗೂ ಬಿಡದೆ ನೋಡುವವರು ಮತ್ತೊಂದು. ಮೂವರೂ ಕೇಳುವುದು ಎರಡೇ ಪ್ರಶ್ನೆ: ಕೊಂದವರು ಯಾರು? ದೆವ್ವ ನಿಜವೋ ಸುಳ್ಳೋ?

ಎರಡೂ ಆಮೇಲಿನ ಮಾತು. ಮೊದಲು ಕೇಳಬೇಕಾದದ್ದು ಬೇರೆ: ಈ ಕಥೆಯ ಮಾಟಕ್ಕೆ ಕಟ್ಟಳೆ ಏನು? ಅದು ಯಾರನ್ನು ಮುಟ್ಟುತ್ತದೆ, ಯಾರನ್ನು ಬಿಡುತ್ತದೆ? ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ? ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಏನು ಮಾಡಲು ಆಗುವುದಿಲ್ಲ?

ಇದು ನಾನು ಪಶ್ಚಿಮದಿಂದ ಎರವಲು ತಂದ ಸೂತ್ರವಲ್ಲ. ಹಿರಣ್ಯಕಶಿಪುವಿನ ವರ ನೆನಪು ಮಾಡಿಕೊಳ್ಳಿ. ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲ, ಹಗಲೂ ಇಲ್ಲ ರಾತ್ರಿಯೂ ಇಲ್ಲ, ಒಳಗೂ ಇಲ್ಲ ಹೊರಗೂ ಇಲ್ಲ. ಷರತ್ತುಗಳನ್ನು ಬರೆದಿಟ್ಟುಕೊಂಡು ಕೂತ ಮಗುವಿಗೂ ಗೊತ್ತು, ಸಂದು ಎಲ್ಲೋ ಇದೆ. ಆ ಸಂದು ಹೊಸ್ತಿಲ ಮೇಲೆ, ಮುಸ್ಸಂಜೆ ಹೊತ್ತಿಗೆ ತೆರೆದುಕೊಂಡಾಗ ಮೈ ಜುಮ್ಮೆನ್ನುತ್ತದೆ. ಹಿರಣ್ಯಕಶಿಪು ಸಾಯುತ್ತಾನೆಂಬುದು ಎಲ್ಲರಿಗೂ ಮೊದಲೇ ಗೊತ್ತಲ್ಲ! ಹಾಗಿದ್ದೂ ಪ್ರತಿ ಜಾತ್ರೆಯಲ್ಲಿ ಜನ ಬೆಳಗಿನ ತನಕ ಕೂತು ನೋಡುವುದು ಸತ್ತದ್ದನ್ನಲ್ಲ, ಷರತ್ತು ಮುರಿಯದೆ ಷರತ್ತನ್ನು ದಾಟಿದ ಬಗೆಯನ್ನು. ಇಂಥ ಅಜ್ಜ–ಅಜ್ಜಿಯರ ಮೊಮ್ಮಕ್ಕಳು ನೀವು. ‘ಕೊಲೆಗಾರ ಗೊತ್ತಾಯ್ತು, ಇನ್ನೇನೈತಿ’ ಎಂದು ಅರ್ಧಕ್ಕೆ ಎದ್ದು ಹೋಗುತ್ತೀರಲ್ಲ, ಯಾರ ಹತ್ತಿರ ಕಲಿತಿರಿ ಇದನ್ನ?

ನನಗೆ ಈ ಹುಚ್ಚು ಹತ್ತಿಸಿದ್ದು ಟಿ.ವಿ. ಅಲ್ಲ, ‘ರಕ್ತರಾತ್ರಿ’. ಅಶ್ವತ್ಥಾಮ ರಾತ್ರಿ ಪಾಂಡವರ ಬೀಡಿಗೆ ನುಗ್ಗಿ ಮಲಗಿದವರನ್ನು ಕೊಲ್ಲುವ, ಕಂದಗಲ್ ಹನುಮಂತರಾಯರ ಆ ನಾಟಕ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಆಡದ ಊರಿಲ್ಲ. ಸುಭದ್ರಮ್ಮ ಮನ್ಸೂರರು ದ್ರೌಪದಿಯಾಗಿ ರಂಗಕ್ಕೆ ಬಂದರೆ ಹಗರಿಯ ಆಚೆ ದಂಡೆಯ ಆಂಧ್ರದ ಹಳ್ಳಿಗಳಿಂದಲೂ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹುಡುಗನಾಗಿದ್ದಾಗ ಮುಂದಿನ ಸಾಲಿನ ಮಣ್ಣಿನಲ್ಲಿ ಕೂತು ನೋಡಿದ ನನಗೆ ಗದೆ ಕಿರೀಟಗಳಲ್ಲಿ ಆಸಕ್ತಿ ಇತ್ತೇ ಹೊರತು ಅಶ್ವತ್ಥಾಮ ಬೇಕಿರಲಿಲ್ಲ. ಒಂದು ವರ್ಷ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಹಾರ್ಮೋನಿಯಂ ಬಿಟ್ಟೂಬಿಡದೆ ಬಾರಿಸುತ್ತಿದ್ದಾಗ, ನನ್ನ ಕಿವಿಗೆ ಬಾಯಿಟ್ಟು ಕೇಳಿದರು: ‘ಇಷ್ಟು ದೊಡ್ಡ ದಂಡಿನ ಬೀಡಿನಾಗ ಒಬ್ಬನೇ ಹೆಂಗ ಹೊಕ್ಕನಲೇ ತಮ್ಮಾ?’ ಅಲ್ಲಿಂದ ನಾನು ನಾಟಕ ನೋಡುವ ರೀತಿಯೇ ಬೇರೆಯಾಯಿತು.

ಆಮೇಲೆ ವ್ಯಾಸರನ್ನು ಓದಿದೆ. ಮಹಾಭಾರತದ ಸೌಪ್ತಿಕ ಪರ್ವದಷ್ಟು ಅಚ್ಚುಕಟ್ಟಾದ ಕೊಲೆ ಕಥೆ ನನಗೆ ಇನ್ನೂ ಸಿಕ್ಕಿಲ್ಲ. ರಾತ್ರಿ ಆಲದ ಮರದ ಕೆಳಗೆ ನಿದ್ದೆ ಬಾರದ ಅಶ್ವತ್ಥಾಮ. ಮೇಲೆ ಮಲಗಿದ ಕಾಗೆಗಳನ್ನು ಗೂಬೆಯೊಂದು ಬಂದು ಕೊಲ್ಲುತ್ತದೆ; ಕೊಲೆಯ ಉಪಾಯ ಹೊಳೆದದ್ದು ಅಲ್ಲಿ. ಪಾಂಡವರ ಬೀಡಿನ ಬಾಗಿಲಲ್ಲಿ ಭಯಂಕರ ಭೂತವೊಂದು ನಿಂತಿದೆ, ಇವನು ಎಸೆದ ಅಸ್ತ್ರಗಳನ್ನೆಲ್ಲ ನುಂಗುತ್ತದೆ. ಬಲ ನಡೆಯದ ಜಾಗದಲ್ಲಿ ಅವನು ತನ್ನನ್ನೇ ಬೆಂಕಿಗೆ ಅರ್ಪಿಸಿಕೊಳ್ಳಲು ಹೊರಡುತ್ತಾನೆ, ಶಿವ ಒಲಿದು ಖಡ್ಗ ಕೊಡುತ್ತಾನೆ. ಒಳಗೆ ಹೋದವನೊಬ್ಬ, ಬಾಗಿಲಲ್ಲಿ ಕಾವಲಿಗೆ ಕೃಪ ಮತ್ತು ಕೃತವರ್ಮ, ತಪ್ಪಿಸಿಕೊಂಡು ಓಡಿ ಬಂದವರನ್ನು ಕಡಿಯಲು. ಐವರು ಪಾಂಡವರೂ ಕೃಷ್ಣನೂ ಸಾತ್ಯಕಿಯೂ ಆ ರಾತ್ರಿ ಬೀಡಿನಲ್ಲಿ ಇಲ್ಲ. ಬೆಳಗ್ಗೆ ಸುದ್ದಿ ತಂದವನು ಧೃಷ್ಟದ್ಯುಮ್ನನ ಸಾರಥಿ, ಬದುಕುಳಿದ ಸಾಕ್ಷಿ. ದ್ರೌಪದಿ ಊಟ ಬಿಟ್ಟು ಕೂತು ಕೇಳಿದ್ದು ಕೊಲೆಗಾರನ ಹಣೆಯ ಮಣಿಯನ್ನು. ಸಂಚು, ಕಾವಲು, ಸಾಕ್ಷಿ, ಕೋರ್ಟಿಗೆ ಬೇಕಾದ ವಸ್ತು ಎಲ್ಲವೂ ಇದೆ.

ಅದಕ್ಕಿಂತ ಮುಂದಿನದು ನೋಡಿ. ಸಿಕ್ಕಿಬಿದ್ದ ಅಶ್ವತ್ಥಾಮ ಬ್ರಹ್ಮಶಿರಾಸ್ತ್ರ ಬಿಡುತ್ತಾನೆ, ಅರ್ಜುನನೂ ಬಿಡುತ್ತಾನೆ. ಋಷಿಗಳು ನಡುವೆ ಬಂದಾಗ ಅರ್ಜುನ ತನ್ನದನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಾನೆ. ಅಶ್ವತ್ಥಾಮನಿಗೆ ಬಿಡಲು ಬರುತ್ತದೆ, ಕರೆಸಿಕೊಳ್ಳಲು ಬರುವುದಿಲ್ಲ! ಇಡೀ ಕಥೆ ಈ ಒಂದು ‘ಬರುವುದಿಲ್ಲ’ದ ಮೇಲೆ ನಿಂತಿದೆ. ಆ ಅಸ್ತ್ರ ಎಲ್ಲಾದರೂ ಬೀಳಲೇಬೇಕು, ಪಾಂಡವ ಹೆಂಗಸರ ಗರ್ಭದ ಮೇಲೆ ಬೀಳುತ್ತದೆ. ಅತಿಮಾನುಷ ಶಕ್ತಿ ಎಲ್ಲವನ್ನೂ ಮಾಡಬಲ್ಲದಾದರೆ ಅಲ್ಲಿ ಅಪರಾಧವಿಲ್ಲ, ಪವಾಡ ಮಾತ್ರ ಇರುತ್ತದೆ. ಶಕ್ತಿಯ ಮಿತಿ ತಿಳಿದು, ಅದರ ಅಂಚಿನಲ್ಲಿ ಮನುಷ್ಯ ಕೈ ಹಾಕಿದಾಗಲೇ ಅಪರಾಧ ಹುಟ್ಟುವುದು.

ಈಗ ‘ಅಯ್ಯನ ಮನೆ’ಗೆ ಬನ್ನಿ. ಚಿಕ್ಕಮಗಳೂರಿನ ಮಂಜಿನ ನಡುವಿನ ದೊಡ್ಡ ಮನೆ, ಕೊಂಡಯ್ಯನೆಂಬ ಮನೆದೇವರು, ಹಿಂದೆ ನಿಗೂಢವಾಗಿ ಸತ್ತ ಮೂವರು ಸೊಸೆಯರು, ಈಗ ಮದುವೆಯಾಗಿ ಬಂದ ಜಾಜಿ. ಆ ಪಾತ್ರ ಖುಷಿ ರವಿಯವರದು. ನಮ್ಮ ಓಣಿಯ ಹೆಂಗಸರು ಇದನ್ನು ಕೂಡಿ ಕೂತು ನೋಡಿದರು. ‘ಅಯ್ಯೋ ಪಾಪ’ ಎಂದು ಮರುಗಿದ್ದಷ್ಟೇ ಬಂತು. ನಾನಾದರೆ ಹೀಗೆ ಕೇಳಿಕೊಳ್ಳುತ್ತೇನೆ: ದೇವರ ಸಿಟ್ಟು ಸೊಸೆಯರನ್ನೇ ಹುಡುಕಿಕೊಂಡು ಯಾಕೆ ಬರುತ್ತದೆ? ಮನೆಯ ಮಕ್ಕಳನ್ನು ಯಾಕೆ ಮುಟ್ಟುವುದಿಲ್ಲ? ಹೊರಗಿನಿಂದ ಬಂದವಳಿಗೆ ಮಾತ್ರ ತಗಲುವ ಶಾಪವೆಂದರೆ, ಅದರ ಕಟ್ಟಳೆಯನ್ನು ಬರೆದವರು ಯಾರು? ಇನ್ನೊಂದು: ಜಾಜಿ ಕಾಲಿಟ್ಟ ಹೊತ್ತಿಗೇ ಸಾಯುವವನು ಮಾವ. ಸಾಲು ಅಲ್ಲಿ ತಪ್ಪಿತು. ಕಟ್ಟಳೆ ತಪ್ಪಿದ ಜಾಗದಲ್ಲಿ ಕಿವಿ ನಿಮಿರಬೇಕು, ಆಗ ನೀವು ಎದ್ದು ಚಹಾಕ್ಕೆ ನೀರಿಡಲು ಹೋಗಿರುತ್ತೀರಿ. ಮುಂದಿನದನ್ನು ನಾನು ಬಿಚ್ಚಿ ಹೇಳುವವನಲ್ಲ.

‘ಮಾರಿಗಲ್ಲು’ ನಮಗೆ ಇನ್ನೂ ಹತ್ತಿರ. ಕಥೆ ನಡೆಯುವುದು ತೊಂಬತ್ತರ ದಶಕದ ಶಿರಸಿಯಲ್ಲಿ. ಕದಂಬರ ಕಾಲದ ನಿಧಿ, ಅದಕ್ಕೆ ಮಾರಿಯ ಕಾವಲು, ಅದರ ಬೆನ್ನು ಹತ್ತಿದ ಗುಂಪು. ಬನವಾಸಿ ಪಕ್ಕದಲ್ಲೇ ಇರುವ ಊರಿಗೆ ಕದಂಬರ ನಿಧಿ ಸಹಜ. ಹಂಪಿಯ ಪಕ್ಕದ ನಮಗೆ ವಿಜಯನಗರದ ನಿಧಿ ಅಷ್ಟೇ ಸಹಜ. ನಿಧಿ ಹುಡುಕುವವರ ಕಟ್ಟಳೆಗಳು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅಮಾವಾಸ್ಯೆಯೇ ಆಗಬೇಕು, ಅಂಜನ ಹಾಕಿ ನೋಡಬೇಕು, ಕಾಲು ಮುಂದಾಗಿ ಹುಟ್ಟಿದ ಪಾಯಾಳು ಬೇಕು, ಸರ್ಪ ಕಾವಲಿದ್ದರೆ ಬಲಿ ಕೇಳುತ್ತದೆ. ಇವೆಲ್ಲ ಕಟ್ಟುಕಥೆಯಾಗಿ ಉಳಿದಿದ್ದರೆ ನಾನೂ ನಗುತ್ತಿದ್ದೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದ ನಡುಗಡ್ಡೆಯಲ್ಲಿ, ಪುರಂದರದಾಸರ ಗುರು ವ್ಯಾಸರಾಜರ ಬೃಂದಾವನವನ್ನೇ ಒಡೆದು ಹಾಕಿದರು. ನಿಧಿಯಾಸೆಗೆ ಬಂದ ಆಂಧ್ರದ ತಂಡ ಆಮೇಲೆ ಪೊಲೀಸರಿಗೆ ಸಿಕ್ಕಿತು. ಭಕ್ತರು ಮರುದಿನವೇ ಕಲ್ಲು ಜೋಡಿಸಿ ಬೃಂದಾವನ ಮತ್ತೆ ನಿಲ್ಲಿಸಿದರು. ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ನಿಧಿ ಹುಡುಕಲು ಮಾಡುವ ಅಮಾನವೀಯ ಕೃತ್ಯ, ವಾಮಾಚಾರ ಅದರ ನಿಷೇಧದ ಪಟ್ಟಿಯಲ್ಲೇ ಇದೆ. ಸರಕಾರ ಕಾನೂನು ಮಾಡಿ ತಡೆಯಬೇಕಾದಷ್ಟು ನಿಜ ಈ ನಂಬಿಕೆ.

ಹಾಗಾಗಿ ‘ಮಾರಿ ನಿಜವೋ?’ ಎಂದು ಕೇಳುವವರಿಗೆ ನನ್ನ ಸಲಹೆ: ಮಾರಿ ಇದ್ದಾಳೆಂದು ನಂಬುವುದರಿಂದ ಯಾರಿಗೆ ಲಾಭ, ಅವಳಿಲ್ಲವೆಂದು ತಿಳಿದವರಾರು, ಅವಳಿಗೆ ಹೆದರುವುದನ್ನು ಯಾರು ಮೊದಲು ಬಿಟ್ಟರು ಎಂಬುದನ್ನು ಹಿಂಬಾಲಿಸಿ. ಗುಂಪಿನಲ್ಲಿ ಹೆದರಿಕೆ ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ದಾಟುತ್ತದೆ, ಆಸೆ ಯಾವ ಗಳಿಗೆಯಲ್ಲಿ ಹೆದರಿಕೆಯನ್ನು ಮೀರುತ್ತದೆ, ಅದನ್ನು ಗುರುತಿಸುವುದಕ್ಕೆ ಆ ನಿಧಾನ ಬೇಕು. ನೀವು ಒಂದೂವರೆ ಪಟ್ಟು ಓಡಿಸಿ ಹಾರಿಸಿದ್ದು ಅದನ್ನೇ.

ಕಟ್ಟಳೆಯೇ ಇಲ್ಲದ ಮಾಟ ಹೇಗಿರುತ್ತದೆ ಎಂದು ತಿಳಿಯಬೇಕೆ? 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ನಾಗಿಣಿ’ಯನ್ನು ನೆನಪಿಸಿಕೊಳ್ಳಿ. ನಮ್ಮೂರಲ್ಲಿ ಅದರ ಹೊತ್ತಿಗೆ ಅನ್ನ ಬಡಿಸುವವರೂ ಇರುತ್ತಿರಲಿಲ್ಲ. ಸೇಡಿನ ಕಥೆಯೆಂದರೆ ಮೂಲದಲ್ಲಿ ಅಪರಾಧದ ಕಥೆಯೇ, ಆದ್ದರಿಂದ ನಾನೂ ಆಸೆಯಿಂದಲೇ ಕೂತೆ. ಹಾವಿನ ಶಕ್ತಿ ಕಥೆಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ಒಂದು ಮುಖಕ್ಕೆ ಮೂರು ಸಲ ಕ್ಯಾಮೆರಾ ನುಗ್ಗಿ, ಮೂರು ಸಲ ಗುಡುಗು ಹೊಡೆದರೆ ಭಯ ಮೂರು ಪಟ್ಟು ಆಗುತ್ತದೆಂದು ಯಾರೋ ಹೇಳಿಕೊಟ್ಟಿರಬೇಕು. ಜನ ಅದನ್ನೇ ಇಷ್ಟಪಟ್ಟರು. ಅದೇ ಜನ ಈಗ ‘ಅಯ್ಯನ ಮನೆ’ಯಲ್ಲಿ ಗುಡುಗು ಕಡಿಮೆ ಎನ್ನುತ್ತಾರೆ.

ಈ ಪ್ರಕಾರದ ಹಿಂದಿನ ತಲೆಮಾರನ್ನು ಬಲ್ಲವರು ಕಡಿಮೆ. ತಮಿಳಿನಲ್ಲಿ ತೊಂಬತ್ತರ ದಶಕದಲ್ಲೇ ‘ಮರ್ಮದೇಶಂ’ ಬಂದಿತ್ತು. ಅದರ ‘ವಿಡಾದು ಕರುಪ್ಪು’ ಭಾಗವನ್ನು ಇಂದಿರಾ ಸೌಂದರರಾಜನ್ ಬರೆದರು, ನಾಗ ನಿರ್ದೇಶಿಸಿದರು. ತಪ್ಪು ಮಾಡಿದವರನ್ನು ಕುದುರೆಯೇರಿ ಬಂದು ಶಿಕ್ಷಿಸುವ ಊರ ಕಾವಲು ದೇವರ ಕಥೆ ಅದು. ಆ ದೇವರ ಕಟ್ಟಳೆ ಕೊನೆಯವರೆಗೆ ಬಿಗಿ. ನಮ್ಮ ಗಡಿಯವರಂತೂ ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರು. ಕನ್ನಡದಲ್ಲಿ ಅದು ಸಿನಿಮಾ ಕೂಡ ಆಯಿತು. ಮಾಂತ್ರಿಕನಿಗೊಂದು ದಾರಿ, ವೈದ್ಯನಿಗೊಂದು ದಾರಿ, ಎರಡನ್ನೂ ಒಟ್ಟಿಗೆ ಓಡಿಸುವುದು ಹೇಗೆಂದು ಕಲಿಯಬೇಕಾದವರು ಅದನ್ನು ಓದಲಿ.

ಉಳಿದದ್ದು ಚುಟುಕಾಗಿ. ನಟನೆ: ಹೆದರಿದವರನ್ನು ನೋಡಬೇಡಿ, ಹೆದರದವರನ್ನು ನೋಡಿ. ‘ಅಯ್ಯನ ಮನೆ’ಯಲ್ಲಿ ಮಾನಸಿ ಸುಧೀರ್ ಸುಮ್ಮನೆ ನಿಂತಾಗಲೂ ಲೆಕ್ಕ ಹಾಕುತ್ತಿರುವಂತೆ ಕಾಣುತ್ತಾರೆ. ಬೆಳಕು: ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ನೋಡಿದವರಿಗೆ ಹೇಳಬೇಕಿಲ್ಲ, ದೀಪ ಹಿಂದಿದ್ದರೆ ಬಣ್ಣ ಮುಂದೆ ಕುಣಿಯುತ್ತದೆ, ದೀಪ ಎಲ್ಲಿದೆ ಎಂದು ಹುಡುಕುವುದನ್ನು ರೂಢಿ ಮಾಡಿಕೊಳ್ಳಿ. ಶಬ್ದ: ಹೋಟೆಲಿನ ಮಿಕ್ಸಿ ಪಕ್ಕದಲ್ಲಿ ಕೂತು ನೋಡಬೇಡಿ. ಭಾಷೆ: ಮಲೆನಾಡಿನ ಮಾತು ಅರ್ಥವಾಗಲಿಲ್ಲ ಎನ್ನುವವರು ತೆಲುಗು ಡಬ್ಬಿಂಗ್ ಹುಡುಕುವ ಬದಲು ಇನ್ನೊಮ್ಮೆ ಕೇಳಿ, ಆರು ತಿಂಗಳು ಅದೋನಿಯ ಮಾತು ಕೇಳಿದರೆ ತೆಲುಗು ಬರುವ ನಿಮಗೆ ಶಿರಸಿ ಬರುವುದಿಲ್ಲವೇ?

ಕೊನೆಗೆ ಅಭ್ಯಾಸ. ಮೊದಲ ಎರಡು ಕಂತು ನೋಡಿದ ಮೇಲೆ ನಿಲ್ಲಿಸಿ. ಒಂದು ಚೀಟಿಯಲ್ಲಿ ಆ ಕಥೆಯ ದೈವ ಅಥವಾ ಮಾಟ ಏನೇನು ಮಾಡಲಾರದು ಎಂದು ಬರೆಯಿರಿ. ಮುಂದೆ ಪ್ರತಿ ಸಾವಿಗೂ ಚೀಟಿ ತೆಗೆದು ನೋಡಿ. ಬರೆದದ್ದಕ್ಕೆ ಹೊಂದದ ಸಾವು ಬಂದರೆ ಎರಡರಲ್ಲಿ ಒಂದು: ಬರೆದವರು ಜಾರಿದ್ದಾರೆ, ಇಲ್ಲವೇ ಅಲ್ಲಿ ಮನುಷ್ಯನ ಕೈ ಇದೆ. ಯಾವುದೆಂದು ಕೊನೆಯ ಕಂತಿಗೆ ಮೊದಲು ತೀರ್ಮಾನಿಸಿ, ಆಮೇಲೆ ನನ್ನ ಹತ್ತಿರ ವಾದಕ್ಕೆ ಬನ್ನಿ. ಒಗ್ಗರಣಿ, ಮಿರ್ಚಿ ನನ್ನ ಲೆಕ್ಕಕ್ಕೆ. ‘ಕೊಂದವನು ಯಾರು’ ಎಂದು ಮಾತ್ರ ಹೇಳಲು ಬರುವವರು ತಮ್ಮ ಬಿಲ್ಲು ತಾವೇ ಕೊಡತಕ್ಕದ್ದು.