ತುದಿ ಮುಟ್ಟದ ಚಾರಣ

ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಚಾರಣದ ಹಂಗಾಮು ಏಪ್ರಿಲ್‌ನಲ್ಲಿ ತೊಡಗಿ ಅಕ್ಟೋಬರಿನಲ್ಲಿ ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ತೊರೆಗಳು ಬತ್ತಿ ಬರಿಯ ಮರಳಿನ ಪಾತ್ರಗಳಾಗುತ್ತವೆ, ಕಾಳ್ಗಿಚ್ಚಿನ ಭಯದಿಂದ ಖಾಸಗಿ ಜಮೀನುಗಳ ಮೂಲಕ ಹಾಯುವ ಹಲವು ದಾರಿಗಳನ್ನು ಮುಚ್ಚಲಾಗುತ್ತದೆ. ಈ ವಾರದ ಅಂಕಣವು ಆ ಹಂಗಾಮಿನ ಸಿದ್ಧತೆಗೆ ಮೀಸಲಾಗಬೇಕಿತ್ತು. ಆದರೆ ನೀರಿನ ಲೆಕ್ಕ, ಬೂಟು, ನಕ್ಷೆಗಳ ವಿಚಾರ ನಿತ್ಯದ ಓದುಗರಿಗೆ ಹೊಸದಲ್ಲವಾದ್ದರಿಂದ ಅದನ್ನು ಬದಿಗಿರಿಸಿ, ಅದಕ್ಕಿಂತ ಹಿರಿದಾದ ಪ್ರಶ್ನೆಯೊಂದನ್ನು ಎತ್ತಿಕೊಳ್ಳುವುದು ಉಚಿತ: ಬೆಟ್ಟವನ್ನು ಅರಿಯಬೇಕಾದರೆ ಅದರ ತುದಿಯನ್ನು ಮುಟ್ಟಲೇಬೇಕೇ?

ಈ ಪ್ರಶ್ನೆ ಫ್ಲಿಂಡರ್ಸ್‌ನಷ್ಟು ಸ್ಪಷ್ಟವಾಗಿ ಬೇರೆಲ್ಲೂ ಎದುರಾಗುವುದಿಲ್ಲ. ಅಡಿಲೇಡ್ ನಗರದಿಂದ ಉತ್ತರಕ್ಕೆ ಸುಮಾರು 430 ಕಿ.ಮೀ. ದೂರದಲ್ಲಿ, ಸುಮಾರು 17 ಕಿ.ಮೀ. ಉದ್ದ ಹಾಗೂ 8 ಕಿ.ಮೀ. ಅಗಲದ ಬಯಲೊಂದನ್ನು ಕೆಂಪು ಬಂಡೆಗೋಡೆಗಳು ಸುತ್ತುವರಿದು ನಿಂತಿವೆ. ಇದಕ್ಕೆ ವಿಲ್ಪೀನ ಪೌಂಡ್ ಎಂದು ಹೆಸರು. ಇಲ್ಲಿ ‘ಪೌಂಡ್’ ಎಂದರೆ ದನಕರುಗಳನ್ನು ಕೂಡಿಹಾಕುವ ದೊಡ್ಡಿ. ಒಂದು ಇಕ್ಕಟ್ಟಾದ ತೊರೆಬಾಗಿಲನ್ನುಳಿದು ಸುತ್ತಲೂ ಗೋಡೆಯಿದ್ದುದರಿಂದ 19ನೆಯ ಶತಮಾನದ ಪಶುಪಾಲಕರಿಗೆ ಅದು ಸಹಜವಾದ ದೊಡ್ಡಿಯಾಗಿಯೇ ಒದಗಿತು. ಸಾವನದುರ್ಗದ ಬಂಡೆಯನ್ನು ಕಂಡ ಕನ್ನಡದ ಚಾರಣಿಗರಿಗೆ ಈ ಬಂಡೆಗಳ ಬಗೆಯೇ ಬೇರೆಯೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಸಾವನದುರ್ಗದ ಗ್ರಾನೈಟ್ ನೆಲದಾಳದಲ್ಲಿ ಶಿಲಾಪಾಕ ತಣಿದು ಗಟ್ಟಿಯಾದ ಶಿಲೆ. ವಿಲ್ಪೀನದ ಕ್ವಾರ್ಟ್‌ಜೈಟ್ ಆಳವಿಲ್ಲದ ಕಡಲಿನಲ್ಲಿ ಮರಳು ಪದರ ಪದರವಾಗಿ ಕುಳಿತು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಶಿಲೆ.

ಆ ಪದರಗಳು ಸುಮಾರು 50 ಕೋಟಿ ವರ್ಷಗಳ ಹಿಂದೆ ಭೂಚಲನೆಯಿಂದ ಅಕ್ಕಪಕ್ಕದ ಒತ್ತಡಕ್ಕೆ ಸಿಲುಕಿ, ಹೊದ್ದ ಕಂಬಳಿಯನ್ನು ಎರಡೂ ಬದಿಯಿಂದ ನೂಕಿದಂತೆ ಏರುಮಡಿಕೆಗಳಾಗಿಯೂ ತಗ್ಗುಮಡಿಕೆಗಳಾಗಿಯೂ ಬಾಗಿದವು. ಏರುಮಡಿಕೆಯ ನೆತ್ತಿಯಲ್ಲಿ ಕಲ್ಲು ಎಳೆತಕ್ಕೆ ಸಿಕ್ಕಿ ಬಿರುಕು ಬಿಡುವುದರಿಂದ ಮಳೆ ಗಾಳಿಗಳು ಅದನ್ನು ಬೇಗ ಕೊರೆದುಹಾಕುತ್ತವೆ. ತಗ್ಗುಮಡಿಕೆಯ ಕಲ್ಲು ಬಿಗಿಯಾಗಿ ಅದುಮಿಕೊಂಡಿರುವುದರಿಂದ ಬಹುಕಾಲ ಉಳಿಯುತ್ತದೆ. ಹೀಗೆ ಮೇಲಿದ್ದುದು ಸವೆದುಹೋಗಿ, ಕೆಳಗಿದ್ದುದೇ ಇಂದು ಬೆಟ್ಟವಾಗಿ ನಿಂತಿದೆ. ವಿಲ್ಪೀನ ಅಂಥ ತಗ್ಗುಮಡಿಕೆಯೊಂದರ ಉಳಿಕೆಯಾಗಿದ್ದು, ಎತ್ತರವೆಂಬುದು ಕಲ್ಲಿನ ಚರಿತ್ರೆಯಲ್ಲಿ ಒಂದು ತಾತ್ಕಾಲಿಕ ಸ್ಥಿತಿ ಎಂಬುದನ್ನು ಅಲ್ಲಿನ ಪ್ರತಿಯೊಂದು ಗೋಡೆಯೂ ಸಾರುತ್ತದೆ.

ಈ ನೆಲದ ಮೂಲನಿವಾಸಿಗಳು ಅದ್ನ್ಯಮತನ ಜನ. ಆ ಹೆಸರಿಗೆ ‘ಬಂಡೆಗಳ ಜನ’ ಎಂದೇ ಅರ್ಥ. ಅವರು ಪೌಂಡನ್ನು ಇಕಾರ, ಅಂದರೆ ಕೂಡುವ ತಾಣ, ಎಂದು ಕರೆಯುತ್ತಾರೆ. 2016ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಕ್ಕೂ ಇಕಾರ–ಫ್ಲಿಂಡರ್ಸ್ ರೇಂಜಸ್ ಎಂಬ ಹೆಸರು ಬಂತು. ಅವರ ಪರಂಪರೆಯ ಪ್ರಕಾರ, ವಿಧಿಯೊಂದಕ್ಕಾಗಿ ಇಲ್ಲಿ ನೆರೆದಿದ್ದ ಜನರನ್ನು ಅಕುರ್ರ ಎಂಬ ಎರಡು ಮಹಾಸರ್ಪಗಳು ಸುತ್ತುಗಟ್ಟಿ ನುಂಗಿದವು. ಅವುಗಳ ಮೈಯೇ ಪೌಂಡಿನ ಗೋಡೆಗಳು. ಸುಮಾರು 1,170 ಮೀಟರ್ ಎತ್ತರದ, ನಕ್ಷೆಗಳಲ್ಲಿ ಸೇಂಟ್ ಮೇರಿ ಪೀಕ್ ಎಂದು ಕಾಣುವ ಶ್ರೇಣಿಯ ಅತ್ಯುನ್ನತ ಶಿಖರವು ಅವುಗಳಲ್ಲಿ ಒಂದರ ತಲೆ. ಆದ್ದರಿಂದ ಶಿಖರದ ಕೆಳಗಿನ ಟ್ಯಾಂಡೆರಾ ಸ್ಯಾಡಲ್‌ವರೆಗೆ, ಎಂದರೆ ಎರಡು ಏರುಗಳ ನಡುವೆ ಕುದುರೆಯ ಜೀನಿನಂತೆ ಬಾಗಿರುವ ತಗ್ಗಿನವರೆಗೆ, ನಡೆದು ಅಲ್ಲಿಂದ ಹಿಂದಿರುಗಬೇಕೆಂದು ಅದ್ನ್ಯಮತನರು ಚಾರಣಿಗರನ್ನು ಕೇಳಿಕೊಳ್ಳುತ್ತಾರೆ. ಇದು ನಿಷೇಧವಲ್ಲ, ಕೋರಿಕೆ. ಪಾಲಿಸುವುದೂ ಬಿಡುವುದೂ ನಡೆಯುವವರ ವಿವೇಕಕ್ಕೆ ಬಿಟ್ಟದ್ದು.

ಶಿಖರಗಣನೆಯ ಪಂಥದೊಂದಿಗೆ ಈ ಅಂಕಣಕ್ಕಿರುವ ಹಳೆಯ ತಕರಾರು ಇಲ್ಲಿಯೇ ಮೊಳೆಯುತ್ತದೆ. 1891ರಲ್ಲಿ ಹ್ಯೂ ಮನ್ರೋ ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಶಿಖರಗಳ ಪಟ್ಟಿಯನ್ನು ಪ್ರಕಟಿಸಿದ ಮೇಲೆ, ಪಟ್ಟಿಯಲ್ಲಿರುವ ತುದಿಗಳನ್ನು ಒಂದೊಂದಾಗಿ ಹತ್ತಿ ಗುರುತು ಹಾಕಿಕೊಳ್ಳುವ ಅಭ್ಯಾಸವು ಒಂದು ಸಂಪ್ರದಾಯವಾಗಿ ಬೆಳೆದು ದೇಶದೇಶಗಳಿಗೆ ಹಬ್ಬಿತು. ಅದು ಅನೇಕರನ್ನು ಮನೆಯಿಂದ ಹೊರಡಿಸಿದೆ ಎಂಬುದನ್ನು ಒಪ್ಪಬೇಕು. ಆದರೆ ಆ ಕ್ರಮದಲ್ಲಿ ದಾರಿಯೆಂಬುದು ತುದಿಗೆ ತೆರುವ ಸುಂಕವಾಗಿಬಿಡುತ್ತದೆ. ಎತ್ತರವೇ ಅರಿವಿಗೆ ಅಳತೆಗೋಲಾಗುತ್ತದೆ. ಈ ಅಳತೆಗೋಲು ತಪ್ಪೆಂಬುದಕ್ಕೆ ಫ್ಲಿಂಡರ್ಸ್‌ನ ಚರಿತ್ರೆಯೇ ಸಾಕ್ಷಿ.

1840ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಅನ್ವೇಷಕನು ಖಂಡದ ನಡುಭಾಗವನ್ನು ತಲುಪುವ ಉದ್ದೇಶದಿಂದ ಅಡಿಲೇಡಿನಿಂದ ಹೊರಟು, ಈ ಶ್ರೇಣಿಯ ಆಸರೆ ಹಿಡಿದು ಉತ್ತರಕ್ಕೆ ಸಾಗಿದನು. ಶ್ರೇಣಿ ಮುಗಿಯುವಲ್ಲಿ ಅವನು ಒಂದು ತಗ್ಗು ಬೆಟ್ಟವನ್ನು ಹತ್ತಿ ಸುತ್ತಲೂ ನೋಡಿದಾಗ ಕಂಡದ್ದು ಉಪ್ಪುಸರೋವರಗಳ ಬಿಳುಪು. ಅದೆಲ್ಲವೂ ಕುದುರೆಲಾಳದ ಆಕಾರದಲ್ಲಿ ಬಳಸಿನಿಂತ ಒಂದೇ ಸರೋವರವೆಂದೂ ಅದನ್ನು ದಾಟುವ ದಾರಿಯೇ ಇಲ್ಲವೆಂದೂ ತೀರ್ಮಾನಿಸಿ, ಆ ಬೆಟ್ಟಕ್ಕೆ ಮೌಂಟ್ ಹೋಪ್‌ಲೆಸ್, ಅಂದರೆ ಆಸೆಗೆಟ್ಟ ಬೆಟ್ಟ, ಎಂದು ಹೆಸರಿಟ್ಟು ಹಿಂದಿರುಗಿದನು. ಆ ನೋಟ ಹಲವು ವರ್ಷಗಳ ಕಾಲ ನಕ್ಷೆಗಳನ್ನು ಆಳಿತು. 1858ರಲ್ಲಿ ಆಗಸ್ಟಸ್ ಗ್ರೆಗರಿ ಉತ್ತರದಿಂದ ಕುದುರೆಯೇರಿ ಬಂದು, ಸರೋವರಗಳ ನಡುವಿನ ಒಣನೆಲದಲ್ಲಿಯೇ ದಾಟಿ ಅಡಿಲೇಡಿಗೆ ತಲುಪಿದಾಗ, ಅಲ್ಲಿರುವುದು ಒಂದು ಸರೋವರವಲ್ಲ, ಹಲವು ಬಿಡಿಸರೋವರಗಳು ಎಂಬುದು ಖಚಿತವಾಯಿತು. ಐರ್ ಧೈರ್ಯದಲ್ಲಿಯೂ ಸಹನೆಯಲ್ಲಿಯೂ ಯಾರಿಗೂ ಕಡಿಮೆಯಿರಲಿಲ್ಲ. ಮೇಲಿನಿಂದ ನೋಡಿದಾಗ ದೂರದ ವಸ್ತುಗಳ ನಡುವಣ ಬಿಡುವು ಕಣ್ಣಿಗೆ ಮುಚ್ಚಿಹೋಗುತ್ತದೆಂಬುದೇ ಅವನ ಸೋಲಿಗೆ ಕಾರಣ. ತುದಿಯ ನೋಟ ತಪ್ಪಿಸಿದ ದಾರಿಯನ್ನು ನೆಲದ ಮೇಲಿನ ಗೊರಸು ಕಂಡುಕೊಂಡಿತು.

ಇದಕ್ಕೆ ಪ್ರತಿಯಾಗಿ 1946ರ ಘಟನೆಯನ್ನು ಗಮನಿಸಬೇಕು. ಶ್ರೇಣಿಯ ಪಶ್ಚಿಮದ ಅಂಚಿನಲ್ಲಿರುವ ಈಡಿಯಾಕರ ಎಂಬ ಕುಳ್ಳು ಗುಡ್ಡಗಳಲ್ಲಿ ಹಳೆಯ ಗಣಿಗಳನ್ನು ಪರಿಶೀಲಿಸಲು ಬಂದಿದ್ದ ಸರ್ಕಾರಿ ಭೂವಿಜ್ಞಾನಿ ರೆಗ್ ಸ್ಪ್ರಿಗ್, ಮರಳುಗಲ್ಲಿನ ಚಪ್ಪಡಿಗಳಲ್ಲಿ ಮೆದುಮೈಯ ಜೀವಿಗಳ ಅಚ್ಚುಗಳನ್ನು ಕಂಡರು. ತಜ್ಞರು ಮೊದಮೊದಲು ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಚಿಪ್ಪು, ಮೂಳೆಗಳು ಮೂಡುವುದಕ್ಕೂ ಮುಂಚಿನ ಕಾಲದಲ್ಲಿ ಬರಿಗಣ್ಣಿಗೆ ಕಾಣುವ ಸಂಕೀರ್ಣ ಜೀವಿಗಳಿದ್ದವೆಂಬುದಕ್ಕೆ ಅವೇ ಪುರಾವೆಯೆಂದು ಅನಂತರ ಸಿದ್ಧವಾಯಿತು. 2004ರಲ್ಲಿ ಸುಮಾರು 63.5 ಕೋಟಿ ವರ್ಷಗಳ ಹಿಂದೆ ತೊಡಗಿದ ಭೂಯುಗಕ್ಕೆ ಈಡಿಯಾಕರನ್ ಎಂಬ ಹೆಸರು ಅಧಿಕೃತವಾಯಿತು. ಆ ಯುಗದ ಆರಂಭವನ್ನು ತೋರುವ ಜಾಗತಿಕ ಗುರುತಿನ ಲೋಹಬಿಲ್ಲೆ ಇರುವುದು ಯಾವ ಶಿಖರದ ಮೇಲೂ ಅಲ್ಲ, ಬ್ರಕೈನ ಕಮರಿಯ ಬಳಿಯ ಎನೊರಾಮ ತೊರೆಯ ದಂಡೆಯಲ್ಲಿ. ಹಿಮಯುಗದ ಕಲ್ಲುರಾಶಿಯ ಮೇಲೆ ಡಾಲೊಮೈಟ್ ಎಂಬ ಸುಣ್ಣದಂಶದ ಶಿಲೆ ಕುಳಿತಿರುವ ಗೆರೆಯೇ ಅಲ್ಲಿನ ಯುಗಸಂಧಿ. ಈ ಅಚ್ಚುಗಳು ಬಹುಪಾಲು ಕಲ್ಲುಪದರದ ತಳಮೈಯಲ್ಲಿ ಮೂಡಿರುತ್ತವೆ, ಮುಂಜಾನೆಯ ಅಥವಾ ಸಂಜೆಯ ಓರೆಬೆಳಕಿನಲ್ಲಷ್ಟೇ ಚೆನ್ನಾಗಿ ಕಾಣುತ್ತವೆ. ಅವುಗಳನ್ನು ಕಾಣಲು ಎತ್ತರ ಬೇಕಿಲ್ಲ. ಬಗ್ಗುವ ಬೆನ್ನು, ಕಾಯುವ ತಾಳ್ಮೆ ಬೇಕು. ಕಂಡ ಮೇಲೆ ಇದ್ದಲ್ಲಿಯೇ ಬಿಟ್ಟು ಬರುವ ಸಂಯಮವೂ ಬೇಕು. ಪಳೆಯುಳಿಕೆಗಳನ್ನು ಒಯ್ಯುವುದು ಕಾನೂನಿಗೆ ವಿರುದ್ಧ.

ಅಡ್ಡಡ್ಡ ನಡೆಯುವ ಈ ಪಂಥಕ್ಕೂ ತನ್ನದೇ ಆದ ಮೇರುಕೃತಿಯಿದೆ. ವಾರೆನ್ ಬೊನೈಥನ್ ಅವರು 1967–68ರಲ್ಲಿ ಹಂತ ಹಂತವಾಗಿ ಇಡೀ ಶ್ರೇಣಿಯ ಉದ್ದಕ್ಕೂ ನಡೆದು 1971ರಲ್ಲಿ ಪ್ರಕಟಿಸಿದ ‘ವಾಕಿಂಗ್ ದ ಫ್ಲಿಂಡರ್ಸ್ ರೇಂಜಸ್’ ಕೃತಿಯ ಹೆಸರಿನಲ್ಲಿರುವುದು ‘ಹತ್ತು’ ಎಂಬ ಕ್ರಿಯಾಪದವಲ್ಲ, ‘ನಡೆ’ ಎಂಬುದು. 1969ರಲ್ಲಿ ಅವರೇ ಮುಂದಿಟ್ಟ ಕಲ್ಪನೆಯಿಂದ ಹುಟ್ಟಿದ ದೀರ್ಘಪಥವು ಕೇಪ್ ಜರ್ವಿಸ್ ಕಡಲತೀರದಿಂದ ಪಾರಚಿಲ್ನ ಕಮರಿಯವರೆಗೆ ಸುಮಾರು 1,200 ಕಿ.ಮೀ. ಸಾಗುತ್ತದೆ. ಪೌಂಡಿನೊಳಗೆ ಬಂದು ಹೊರಬೀಳುವ ಆ ದಾರಿ ಸೇಂಟ್ ಮೇರಿ ಶಿಖರವನ್ನು ಮುಟ್ಟುವುದಿಲ್ಲ. ಅದಕ್ಕಿಟ್ಟಿರುವ ಹೆಸರು ಹ್ಯಾನ್ಸ್ ಹೈಸನ್ ಎಂಬ ಚಿತ್ರಕಾರನದು; 1926ರಿಂದ ಮತ್ತೆ ಮತ್ತೆ ಇಲ್ಲಿಗೆ ಬಂದು, ಬೆಟ್ಟಗಳ ಬುಡದಲ್ಲಿ ಕುಳಿತು ಅವುಗಳ ಬರಿಮೈಯನ್ನು ಚಿತ್ರಿಸಿದವರು ಅವರು.

ಪೌಂಡಿನ ಆಕಾರ ಎತ್ತರದಿಂದಲ್ಲದೆ ತಿಳಿಯುವುದಿಲ್ಲವೆಂಬ ಎದುರುವಾದಕ್ಕೆ ಬಲವಿದೆ. ಆದರೆ ಟ್ಯಾಂಡೆರಾದಿಂದಲೇ ಆ ಬೋಗುಣಿ ಕಣ್ಣ ಮುಂದೆ ಹರಡಿಕೊಳ್ಳುತ್ತದೆ, ಅಲ್ಲಿಂದ ಮೇಲಕ್ಕೆ ಹೆಚ್ಚುವುದು ಎತ್ತರವಷ್ಟೇ, ತಿಳಿವಳಿಕೆಯಲ್ಲ. ಉಲುರು ಬಂಡೆಯನ್ನು ಹತ್ತಬೇಡಿರೆಂದು ಅಲ್ಲಿನ ಅನಂಗು ಜನ ದಶಕಗಳ ಕಾಲ ಕೇಳಿಕೊಂಡರೂ ಜನ ಹತ್ತುತ್ತಲೇ ಇದ್ದರು. ಕೊನೆಗೆ 2019ರ ಅಕ್ಟೋಬರ್ 26ರಂದು ಆ ದಾರಿಯನ್ನು ಶಾಶ್ವತವಾಗಿ ಮುಚ್ಚಬೇಕಾಯಿತು, ಮುಚ್ಚುವ ಮುನ್ನಿನ ದಿನಗಳಲ್ಲಿ ಹತ್ತುವವರ ಸಾಲು ಇನ್ನಷ್ಟು ಉದ್ದವಾಯಿತು. ಕೋರಿಕೆಯನ್ನು ಆಜ್ಞೆಯಾಗಿಸುವ ಅನಿವಾರ್ಯ ಫ್ಲಿಂಡರ್ಸ್‌ಗೂ ಬರಬಾರದು. ಈ ಹಂಗಾಮಿನಲ್ಲಿ ವಿಲ್ಪೀನಕ್ಕೆ ಹೋಗುವ ಕನ್ನಡಿಗರು, ಅಡಿಲೇಡಿನಲ್ಲಿ ನೆಲೆಸಿದವರಾಗಲಿ ಬೆಂಗಳೂರಿನಿಂದ ಹೊರಟವರಾಗಲಿ, ಟ್ಯಾಂಡೆರಾದಲ್ಲಿ ಕುಳಿತು ಬುತ್ತಿ ಬಿಚ್ಚಲಿ, ಸುತ್ತಲಿನ ಗೋಡೆಗಳನ್ನು ಕಣ್ತುಂಬ ನೋಡಲಿ, ಅಲ್ಲಿಂದಲೇ ಹಿಂದಿರುಗಲಿ. ಮಿಕ್ಕ ದಿನವನ್ನು ಬ್ರಕೈನ ಕಮರಿಯ ಕಲ್ಲುಗಳಿಗೆ ಮೀಸಲಿಡಲಿ.