ಊರನ್ನು ಹೊಗಳುವ ಬರೆಹ
(ಕಲ್ಯಾಣಪುರವನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಮರ್ಶೆ)

ಕಾವ್ಯಕ್ಕೆ ವಿಮರ್ಶೆಯುಂಟು, ನಾಟಕಕ್ಕುಂಟು, ಕಾದಂಬರಿಗೂ ಉಂಟು. ಒಂದು ಸೀಮೆಯ ಹಿರಿಮೆಯನ್ನು ವರ್ಣಿಸಿ, ಬನ್ನಿರಿ, ನೋಡಿರಿ ಎಂದು ಪರಸ್ಥಳದವರನ್ನು ಕರೆಯುವ ಬರೆಹಕ್ಕೆ ಮಾತ್ರ ನಮ್ಮಲ್ಲಿ ವಿಮರ್ಶೆ ಇದ್ದಂತೆ ತೋರುವುದಿಲ್ಲ. ಅದು ಸಾಹಿತ್ಯವಲ್ಲ, ವ್ಯಾಪಾರದ ಕಾಗದ ಎಂಬ ಉದಾಸೀನವೇ ಇದಕ್ಕೆ ಕಾರಣವಾಗಿರಬೇಕು. ಆದರೆ ಈ ಉದಾಸೀನ ಯೋಗ್ಯವಲ್ಲ. ಕಾವ್ಯವನ್ನು ಓದದವರೂ ಪ್ರವಾಸದ ಕೈಪಿಡಿಯನ್ನು ಓದುತ್ತಾರೆ. ಹಲವರಿಗೆ ನಮ್ಮ ನಾಡಿನ ಚರಿತ್ರೆಯೆಂದರೆ ಅದರಲ್ಲಿರುವ ಹತ್ತು ಸಾಲುಗಳಷ್ಟೆ. ಪರರಿಗಾಗಿ ಬರೆದ ಆ ಹತ್ತು ಸಾಲುಗಳನ್ನು ಕ್ರಮೇಣ ನಮ್ಮ ಮಕ್ಕಳೇ ತಮ್ಮ ಊರಿನ ಕಥೆಯೆಂದು ಬಾಯಿಪಾಠ ಮಾಡುತ್ತಾರೆ. ಆದುದರಿಂದ ಸತ್ಯ, ಔಚಿತ್ಯ, ಮಿತವಾದ ಮಾತು ಎಂಬ ಮೂರು ಒರೆಗಲ್ಲುಗಳನ್ನು ಈ ಬರೆಹಕ್ಕೂ ಹಚ್ಚಿ ನೋಡುವುದು ಅವಶ್ಯವಾಗಿದೆ.

ಊರನ್ನು ಹೊಗಳುವುದು ನಮಗೆ ಹೊಸತೇನೂ ಅಲ್ಲ. ಸಹ್ಯಾದ್ರಿಖಂಡವೂ ಗ್ರಾಮಪದ್ಧತಿಯೂ ಕ್ಷೇತ್ರಕ್ಷೇತ್ರದ ಮಾಹಾತ್ಮ್ಯಗಳೂ ಇದೇ ಕೆಲಸವನ್ನು ಮಾಡಿದವು. ಅವುಗಳಲ್ಲಿ ಅತಿಶಯೋಕ್ತಿ ಇಲ್ಲದಿಲ್ಲ; ಪರಶುರಾಮನು ಕೊಡಲಿಯನ್ನೆಸೆದು ಕಡಲನ್ನು ಹಿಂದೆ ಸರಿಸಿದ ನೆಲದಲ್ಲಿ ಅತಿಶಯೋಕ್ತಿಗೆ ಬರವೆಲ್ಲಿ? ಆದರೆ ಆ ಮಾತು ಯಾರನ್ನೂ ವಂಚಿಸುತ್ತಿರಲಿಲ್ಲ. ಕೇಳುವವನಿಗೆ ಪುರಾಣದ ನಡೆ ತಿಳಿದಿತ್ತು. ಮೇಲಾಗಿ, ಸ್ಥಳಪುರಾಣವು ಬಂದವನ ಮೇಲೆ ಹೊಣೆಯನ್ನು ಹೊರಿಸುತ್ತಿತ್ತು: ಇಲ್ಲಿ ಮೀಯಬೇಕು, ಇಲ್ಲಿ ಉಪವಾಸವಿರಬೇಕು, ಇಲ್ಲಿ ದಾನ ಮಾಡಬೇಕು. ಈಗಿನ ಕೈಪಿಡಿಯು ಪುರಾಣದಿಂದ ಉತ್ಪ್ರೇಕ್ಷೆಯನ್ನೂ ಚರಿತ್ರೆಯಿಂದ ಇಸವಿಯನ್ನೂ ಎರವಲು ಪಡೆದಿದೆ. ಪುರಾಣದ ವ್ರತವನ್ನಾಗಲಿ ಚರಿತ್ರೆಯ ಪ್ರಮಾಣವನ್ನಾಗಲಿ ಪಡೆದಿಲ್ಲ. ಅದರ ಮುಖ್ಯ ದೋಷ ಇಲ್ಲಿಯೇ ಇರುವುದು.

ಇದನ್ನು ಒಂದು ಊರಿನ ಮೇಲೆ ಇಟ್ಟು ನೋಡೋಣ. ಉಡುಪಿಯಿಂದ ಉತ್ತರಕ್ಕೆ ಕೆಲವೇ ಮೈಲು ಹೋದರೆ ಸಂತೆಕಟ್ಟೆ. ಅದನ್ನು ದಾಟಿದರೆ ಸ್ವರ್ಣಾ ನದಿಯ ದಕ್ಷಿಣದ ದಡದಲ್ಲಿ ಕಲ್ಯಾಣಪುರ. ಹೊಳೆಯಲ್ಲಿ ಕುದ್ರುಗಳು, ಪಡುವಣಕ್ಕೆ ಕೆಮ್ಮಣ್ಣು, ಮುಂದೆ ಸ್ವರ್ಣೆಯೂ ಸೀತೆಯೂ ಕೂಡಿ ಕೋಡಿ ಬೆಂಗ್ರೆಯ ಬಳಿ ಕಡಲನ್ನು ಸೇರುವ ಅಳಿವೆ. ಉತ್ತರಕ್ಕೆ ಆಳುಪರ ರಾಜಧಾನಿಯಾಗಿದ್ದ ಬಾರಕೂರು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಫಾಕನೂರೆಂದು ಕರೆದ ಪಟ್ಟಣವು ಇದೇ. ಹೆದ್ದಾರಿಯ ಸೇತುವೆಯ ಮೇಲೆ ಹೋಗುವ ಪ್ರವಾಸಿಯ ಕಣ್ಣಿಗೆ ಕಲ್ಯಾಣಪುರವು ಅರ್ಧ ನಿಮಿಷ ಕಾಣುವುದು. ಅವನ ವಾಹನವು ನಿಲ್ಲುವುದು ಉಡುಪಿಯ ರಥಬೀದಿಯಲ್ಲಿ, ಇಲ್ಲವೆ ಮಲ್ಪೆಯ ಮರಳಿನಲ್ಲಿ. ಇಂಥ ಊರಿನವರಿಗೆ, ನಮ್ಮದೂ ಒಂದು ದೊಡ್ಡ ಮಾತಿರಬಾರದೆ ಎನಿಸುವುದು ಸಹಜವೇ. ಆ ದೊಡ್ಡ ಮಾತುಗಳು ಯಾವುವು, ಅವುಗಳಿಗೆ ಆಧಾರವೆಷ್ಟು ಎಂಬುದೇ ನಮ್ಮ ಪ್ರಶ್ನೆ.

ಮೊದಲನೆಯ ಮಾತು ಕಾಸ್ಮಾಸನದು. ಆರನೆಯ ಶತಮಾನದಲ್ಲಿ ವರ್ತಕನಾಗಿದ್ದು ಅನಂತರ ಸನ್ಯಾಸಿಯಾದ ಈ ಗ್ರೀಕ್ ಬರೆಹಗಾರನು, ಮೆಣಸು ಬೆಳೆಯುವ ಮಲೆ ಎಂಬ ದೇಶದ ಜತೆಯಲ್ಲಿಯೇ ಕಲ್ಲಿಯಾನ ಎಂಬ ಸ್ಥಳವನ್ನು ಹೆಸರಿಸಿ, ಅಲ್ಲಿ ಪಾರಸಿಕ ದೇಶದಿಂದ ನೇಮಕಗೊಂಡ ಬಿಷಪನಿದ್ದಾನೆಂದು ಹೇಳುತ್ತಾನೆ. ಕಲ್ಲಿಯಾನವೆಂದರೆ ನಮ್ಮ ಕಲ್ಯಾಣಪುರವೇ ಎಂದು ಸಾಧಿಸುವವರುಂಟು. ಹೆಸರಿನ ಸಾಮ್ಯವು ಕಿವಿಗೆ ಹಿತವಾಗಿದೆ. ಆದರೆ ಮುಂಬಯಿಯ ಸಮೀಪದ ಕಲ್ಯಾಣಕ್ಕೆ ಇರುವ ಪ್ರಮಾಣಗಳು ಇದಕ್ಕಿಲ್ಲ. ಕಾಸ್ಮಾಸನಿಗಿಂತ ಹಿಂದಿನ ಗ್ರೀಕ್ ನಾವಿಕರ ಕೈಪಿಡಿಯಾದ ಪೆರಿಪ್ಲಸ್ಸಿನಲ್ಲಿ ಆ ಬಂದರದ ಹೆಸರಿದೆ. ಕನ್ಹೇರಿಯ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ವರ್ತಕರ ದಾನಗಳಿವೆ. ನಮ್ಮ ಕಡೆ ಇರುವುದು ಹೆಸರಿನ ಸಾಮ್ಯವೊಂದೇ. ಹೀಗಿರುವಲ್ಲಿ, ಪ್ರಪಂಚದ ಪ್ರಾಚೀನ ಬಂದರಗಳಲ್ಲೊಂದು ಎಂಬ ಬಿರುದನ್ನು ಊರಿನ ತಲೆಗೆ ಕಟ್ಟಿದರೆ, ತಿಳಿದ ಪ್ರವಾಸಿಯು ನಕ್ಕು ಹೋಗುವನು, ತಿಳಿಯದವನು ಮೋಸಹೋಗುವನು.

ಎರಡನೆಯದು ಮಧ್ವಾಚಾರ್ಯರ ಜನ್ಮಸ್ಥಳವೆಂಬ ಮಾತು. ಹಿಂದಿನ ಕೆಲವು ಇಂಗ್ಲಿಷ್ ಗ್ರಂಥಗಳಲ್ಲಿ ಆಚಾರ್ಯರು ಕಲ್ಯಾಣಪುರದಲ್ಲಿ ಹುಟ್ಟಿದರೆಂದು ಬರೆದುದುಂಟು. ಉಡುಪಿಯ ಮಠಗಳ ಪರಂಪರೆಯು ತೋರಿಸುವುದು ಉಡುಪಿಯ ಆಗ್ನೇಯಕ್ಕೆ ಕುಂಜಾರುಗಿರಿಯ ತಪ್ಪಲಿನ ಪಾಜಕವನ್ನು. ದೂರದಲ್ಲಿ ಕುಳಿತು ಬರೆದವರ ಒಂದು ಸಾಲನ್ನು, ಅದು ಅಚ್ಚಾಗಿದೆಯೆಂಬ ಒಂದೇ ಕಾರಣಕ್ಕೆ, ನೆರೆಯ ಊರಿನ ಜೀವಂತ ಪರಂಪರೆಯ ಎದುರು ನಿಲ್ಲಿಸುವುದು ಔಚಿತ್ಯವಲ್ಲ.

ಈ ಚಾಳಿ ಕಲ್ಯಾಣಪುರಕ್ಕೆ ಮಾತ್ರ ಸೇರಿದುದೂ ಅಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ವಿಷಯವಾಗಿ, ವಾಸ್ಕೋ ಡ ಗಾಮನು ೧೪೯೮ರಲ್ಲಿ ಕೋಳಿಕೋಡಿಗೆ ಹೋಗುವ ಮೊದಲೇ ಇಲ್ಲಿ ಇಳಿದನೆಂದು ನೂರಾರು ಕಡೆ ಬರೆದಿದೆ. ಆ ಯಾತ್ರೆಯ ದಿನಚರಿಯ ಪ್ರಕಾರ, ಸಂತ ಮೇರಿಯ ಹೆಸರಿನ ಕಂಬವನ್ನು ನಡುಗಡ್ಡೆಯೊಂದರಲ್ಲಿ ನಿಲ್ಲಿಸಿದ್ದು ಅವನು ಹಿಂದಿರುಗುವಾಗ. ಇದಕ್ಕಿಂತ ವಿಷಾದದ ಸಂಗತಿಯೆಂದರೆ, ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಲಾವಾರಸವು ಆರಿ ಕಂಬಕಂಬವಾಗಿ ಒಡೆದು ನಿಂತ ಆ ಕಲ್ಲುಗಳ ಅದ್ಭುತವನ್ನು, ಒಬ್ಬ ನಾವಿಕನು ಒಂದು ದಿನ ತಂಗಿದ ಕಥೆಯ ಹಿಂದೆ ಮರೆಮಾಡಿರುವುದು. ಸುಳ್ಳು ಹಿರಿಮೆಯು ನಿಜವಾದ ಹಿರಿಮೆಯ ಸ್ಥಳವನ್ನು ಆಕ್ರಮಿಸುವುದು ಹೀಗೆ.

ಕಲ್ಯಾಣಪುರದ ನಿಜವಾದ ಹಿರಿಮೆ ಏನು? ೧೬೭೮ರಲ್ಲಿ ಕೆಳದಿಯ ಚೆನ್ನಮ್ಮಾಜಿಯು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಇಗರ್ಜಿಗಳಿಗೆ ಅನುಮತಿ ದೊರೆತ ಸ್ಥಳಗಳ ಪೈಕಿ ಕಲ್ಯಾಣಪುರದ ಹೆಸರೂ ಇದೆ. ವೀರಶೈವ ಮನೆತನದ ರಾಣಿಯೊಬ್ಬಳು ಪರದೇಶದ ಪರಧರ್ಮೀಯರಿಗೆ ದೇವರ ಮನೆಯನ್ನು ಕಟ್ಟಲು ಇಲ್ಲಿ ಎಡೆಕೊಟ್ಟಳು. ಇಲ್ಲಿಯ ಮಿಲಾಗ್ರಿಸ್ ಇಗರ್ಜಿಯು ೨೦೧೨ರಲ್ಲಿ ಉಡುಪಿ ಧರ್ಮಪ್ರಾಂತವು ಸ್ಥಾಪಿತವಾದಾಗ ಅದರ ಪ್ರಧಾನಾಲಯವಾಯಿತು. ಅದೇ ಊರಿನಲ್ಲಿ ಗೌಡ ಸಾರಸ್ವತರ ವೆಂಕಟರಮಣನ ದೇವಸ್ಥಾನವಿದೆ, ಮಹಾಲಿಂಗೇಶ್ವರನೂ ಇದ್ದಾನೆ. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮತಾಂತರದ ಒತ್ತಾಯಕ್ಕೆ ಒಳಗಾಗಲೊಲ್ಲದೆ ದೇವರನ್ನು ಹೊತ್ತುಕೊಂಡು ಗೋವೆಯನ್ನು ಬಿಟ್ಟು ಬಂದವರ ಸಂತತಿಯವರು ಒಂದು ಕಡೆ. ಕ್ರೈಸ್ತರಾದ ಮೇಲೆಯೂ ಇನ್‌ಕ್ವಿಸಿಷನ್ನಿನ ಭೀತಿ, ಯುದ್ಧ, ಕ್ಷಾಮಗಳಿಂದ ಬೇಸತ್ತು ಅದೇ ಗೋವೆಯನ್ನು ಬಿಟ್ಟು ಬಂದವರ ಸಂತತಿಯವರು ಇನ್ನೊಂದು ಕಡೆ. ಇಬ್ಬರ ಮನೆಮಾತೂ ಕೊಂಕಣಿ. ಬೀದಿಯ ಮಾತು ತುಳು. ಶಾಲೆಯ ಮಾತು ಕನ್ನಡ. ಒಂದೇ ಬೆಂಕಿಯಿಂದ ಎರಡು ದಾರಿಯಲ್ಲಿ ತಪ್ಪಿಸಿಕೊಂಡವರು ಒಂದೇ ಹೊಳೆಯ ದಡದಲ್ಲಿ ನೆರೆಹೊರೆಯವರಾದರು. ಈ ಸಂಗತಿಯನ್ನು ಬಣ್ಣವಿಲ್ಲದೆ ಹೇಳಿದರೆ ಸಾಕು; ಕಾಸ್ಮಾಸನ ಬಿಷಪನಿಗಿಂತ ಇದು ದೊಡ್ಡದು. ಕೈಪಿಡಿಗಳು ಇದನ್ನು ಹೇಳವು. ಏಕೆಂದರೆ ಇದರಲ್ಲಿ 'ಅತ್ಯಂತ ಪ್ರಾಚೀನ', 'ಅತ್ಯಂತ ಎತ್ತರ' ಎಂಬ ವಿಶೇಷಣಗಳಿಗೆ ಸ್ಥಳವಿಲ್ಲ.

ಇಂಥದನ್ನು ಹೇಗೆ ಹೇಳಬೇಕೆಂಬುದಕ್ಕೆ ಮಾದರಿಯನ್ನು ದೂರದಿಂದ ತರಬೇಕಾಗಿಲ್ಲ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿಯೇ ಪ್ರಿನ್ಸಿಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ೧೯೭೫ರಲ್ಲಿ ತುಳುವ ಚರಿತ್ರೆ ಮತ್ತು ಸಂಸ್ಕೃತಿಯನ್ನು ಕುರಿತ ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದರು. ಊರೂರು ಅಲೆದು, ದೇಗುಲದೇಗುಲದ ಮೂರ್ತಿಯನ್ನು ಕಣ್ಣಾರೆ ನೋಡಿ, ಅದರ ನಿಲುವು, ಕೈಯ ಆಯುಧ, ಶಿಲ್ಪದ ರೀತಿ ಇವುಗಳಿಂದ ಕಾಲವನ್ನು ನಿರ್ಣಯಿಸಲು ಯತ್ನಿಸಿದ ಗ್ರಂಥವದು. ಅದರ ಮೊದಲಿನ ಗಣಪತಿರಾವ್ ಐಗಳ ಪ್ರಾಚೀನ ಇತಿಹಾಸದಲ್ಲಿ ಐತಿಹ್ಯವೂ ಶಾಸನವೂ ಒಂದೇ ಚಾಪೆಯ ಮೇಲೆ ಕುಳಿತಿವೆ. ಭಟ್ಟರು ಅವುಗಳನ್ನು ಬೇರೆಬೇರೆ ಮಣೆಗಳ ಮೇಲೆ ಕೂರಿಸಿದರು. ಇದು ಅವರ ದೊಡ್ಡ ಉಪಕಾರ. ದೋಷಗಳೂ ಇಲ್ಲದಿಲ್ಲ. ಶಿಲ್ಪದ ರೀತಿಯಿಂದಲೇ ಕಾಲವನ್ನು ಹೇಳುವುದರಲ್ಲಿ ಚರ್ಚೆಗೆ ಎಡೆಯುಂಟು; ಪಟ್ಟಿಗಳ ಭಾರದಲ್ಲಿ ಓದು ಬಳಲುವುದುಂಟು; ಎಲ್ಲಕ್ಕೂ ಮಿಗಿಲಾಗಿ, ಅದು ಇಂಗ್ಲಿಷಿನಲ್ಲಿರುವುದರಿಂದ, ಯಾರ ಮನೆಯ ಹಿಂದಣ ಗುಡಿಯ ವಿಷಯವು ಅದರಲ್ಲಿದೆಯೋ ಅವರಲ್ಲಿ ಬಹುಮಂದಿಗೆ ಅದು ನಿಲುಕದು. ಆದರೂ ಒಂದು ಗುಣಕ್ಕಾಗಿ ಕೈಪಿಡಿ ಬರೆಯುವವರೆಲ್ಲರೂ ಅದನ್ನು ಎದುರಿಗಿಟ್ಟುಕೊಳ್ಳಬೇಕು: ಅದರಲ್ಲಿ ಮೊದಲು ವಸ್ತು, ಆಮೇಲೆ ಹೊಗಳಿಕೆ.

ಬರೆಹದಿಂದ ಪ್ರದರ್ಶನಕ್ಕೆ ಬಂದರೆ, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಗ್ರಾಮವು ಕಣ್ಣಮುಂದೆ ನಿಲ್ಲುವುದು. ಹರ್ಕೂರಿನ ಒಳಗಿನ ಮನೆ, ಮಿಯಾರಿನ ಮನೆ, ಹೊಸನಗರದ ರಾಮಚಂದ್ರಾಪುರ ಮಠದ ಕಟ್ಟಡ, ಕುಕನೂರಿನ ಕಮಲ್ ಮಹಲ್ ಮುಂತಾಗಿ ನೆಲಸಮವಾಗಲಿದ್ದ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿ ನಿಲ್ಲಿಸಿದ ಅವರ ಸಾಹಸವು ಸಾಮಾನ್ಯವಾದುದಲ್ಲ. ೨೦೧೭ರಲ್ಲಿ ತೀರಿಕೊಂಡ ಆ ಮಹನೀಯರು ಇಲ್ಲದಿದ್ದರೆ ಆ ಕಂಬಗಳು ಸೌದೆಯಾಗುತ್ತಿದ್ದವು. ಆದರೆ ವಿಮರ್ಶೆಯು ಕೃತಜ್ಞತೆಯ ಜತೆಗೆ ಪ್ರಶ್ನೆಯನ್ನೂ ಕೇಳಬೇಕಾಗಿದೆ. ತನ್ನ ಗದ್ದೆ, ತನ್ನ ಬಾವಿ, ತನ್ನ ನಾಗಬನಗಳಿಂದ ಅಗಲಿದ ಮನೆಯು, ಸಂದರ್ಭದಿಂದ ಎತ್ತಿ ತಂದ ಸುಭಾಷಿತದಂತೆ. ಅರ್ಥ ಉಳಿದಿದೆ, ಪ್ರಸಂಗ ಹೋಗಿದೆ. ಮನೆ ಉಳಿಯುವುದಕ್ಕೆ ಬೇರೆ ಉಪಾಯವಿಲ್ಲದಾಗ ಇದು ಸರಿ. ಆದರೆ ಇದನ್ನೇ ಪರಮಾದರ್ಶವೆಂದು ತಿಳಿದು, ನಿಂತಲ್ಲಿಯೇ ಉಳಿಸಬಹುದಾದ ಮನೆಯ ವಿಷಯದಲ್ಲಿ ನಾವು ನಿಶ್ಚಿಂತರಾದರೆ ಆ ಹಿರಿಯರ ಶ್ರಮಕ್ಕೆ ಅಪಚಾರ ಮಾಡಿದಂತೆ.

ಆಟಪಾಟಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ೨೦೨೩ರ ನವೆಂಬರದಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳವನ್ನು ನಡೆಸಿದರು. ಕೋಣಗಳು ಓಡಿದವು, ಜನ ಸೇರಿದರು, ನಾಡಿನ ಹೆಸರೂ ಬೆಳಗಿತು. ಅದು ತಪ್ಪೆಂದು ಹೇಳುವುದು ನಮ್ಮ ಇಷ್ಟವಲ್ಲ. ಸ್ಪರ್ಧೆಯು ಮೈದಾನಕ್ಕೆ ಹೋಗಬಲ್ಲುದು. ಅದನ್ನು ಹೆತ್ತ ಬೇಸಾಯವೂ ದೈವದ ನಂಟೂ ಲಾರಿಯಲ್ಲಿ ಹೋಗಲಾರವು ಎಂಬುದನ್ನು ಮಾತ್ರ ಮರೆಯಬಾರದು. ಇಡೀ ರಾತ್ರಿಯ ಬಯಲಾಟವು ಕಾಲಮಿತಿಯ ಪ್ರಯೋಗವಾದಾಗ ಒಂದು ಲಾಭವೂ ಒಂದು ನಷ್ಟವೂ ಆಯಿತು: ಪೇಟೆಯವನಿಗೆ ಆಟ ದೊರೆಯಿತು; ಪಾತ್ರವು ನಿಧಾನವಾಗಿ ಮಾತಿನಲ್ಲಿ ಬೆಳೆಯುವ ಅವಕಾಶ ಸಣ್ಣದಾಯಿತು. ಆದರೆ ಯಕ್ಷಗಾನವು ಕಲೆ. ಕಲೆಗೆ ಪ್ರೇಕ್ಷಕನ ಹಕ್ಕು ಸ್ವಲ್ಪ ಉಂಟು. ಭೂತಕೋಲವು ಹಾಗಲ್ಲ. ೨೦೨೨ರಲ್ಲಿ ತೆರೆಕಂಡ 'ಕಾಂತಾರ' ಚಲಚ್ಚಿತ್ರದ ತರುವಾಯ ದೈವದ ವೇಷವನ್ನು ಸಭಾಮಂಟಪಕ್ಕೆ ತರುವ ಆಶೆ ಹೆಚ್ಚಿದೆ. ಕೋಲದಲ್ಲಿ ಮಾತನಾಡುವುದು ದೈವ, ಕೇಳುವುದು ಊರು. ಅಲ್ಲಿ ವ್ಯಾಜ್ಯ ತೀರುತ್ತದೆ, ಅಭಯ ದೊರೆಯುತ್ತದೆ. ಕೇಳುವ ಊರಿಲ್ಲದ ಕಡೆ ನುಡಿಗೆ ಅರ್ಥವೇನು? ಬಂದವನು ಬದಿಯಲ್ಲಿ ಕೈಮುಗಿದು ನಿಂತು ನೋಡಲಿ. ಅವನಿಗಾಗಿ ಹೊತ್ತು ಗೊತ್ತುಮಾಡುವುದು ಬೇಡ.

ಇಷ್ಟು ಕಟ್ಟುನಿಟ್ಟಾದರೆ ಯಾರು ಬಂದಾರು, ನಾಲ್ಕು ಕಾಸು ಊರಿಗೆ ಹೇಗೆ ದೊರೆತೀತು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ನಮ್ಮ ಕರಾವಳಿಯ ಮಕ್ಕಳು ಮುಂಬಯಿಗೆ ಹೋದರು, ಕೊಲ್ಲಿಯ ದೇಶಗಳಿಗೆ ಹೋದರು. ಹಿರಿಯರು ಕಟ್ಟಿದ ಮನೆಗಳಿಗೆ ಬೀಗ ಬಿದ್ದಿದೆ. ಮಾಡಿನ ಹಂಚನ್ನು ಮಳೆಗಾಲಕ್ಕೆ ಮುಂಚೆ ಸರಿಪಡಿಸುವವರಿಲ್ಲ. ನೋಡಲು ಬರುವವರಿದ್ದರೆ ಹಂಚು ಸರಿಯಾದೀತು, ಕಂಬ ಉಳಿದೀತು. ಆದುದರಿಂದ ಪ್ರವಾಸಿಯನ್ನು ನಾವು ಬೇಡವೆನ್ನಲಾರೆವು. ಆದರೆ ಯಾವುದಕ್ಕೆ ಗಿರಾಕಿಯುಂಟೋ ಅದೇ ಉಳಿಯುವುದು ಲೋಕದ ರೀತಿ. ಕಾಸ್ಮಾಸನ ಹೆಸರಿನಲ್ಲಿ ಕರೆದರೆ ಊರಿನವರು ಕಾಸ್ಮಾಸನ ಹೆಸರಿನ ಕಮಾನನ್ನು ಕಟ್ಟುವರು. ಹಂಚಿನ ಮನೆ ಬೀಳುವುದು. ಕರೆಯುವ ಮಾತು ನಿಜವಾಗಿದ್ದರೆ ಉಳಿಯುವ ವಸ್ತುವೂ ನಿಜವಾದುದೇ ಆದೀತು. ಊರಿನ ಹೊಗಳಿಕೆಯನ್ನು ಒರೆಗೆ ಹಚ್ಚುವುದು ಪಂಡಿತರ ಚರ್ಚೆಯಲ್ಲ, ಊರಿನ ಬದುಕಿನ ಪ್ರಶ್ನೆ ಎನ್ನುವುದು ಇದಕ್ಕಾಗಿಯೇ.

ಕಾರ್ಕಳದ ಬೆಟ್ಟದ ಮೇಲೆ ೧೪೩೨ರಲ್ಲಿ ಪ್ರತಿಷ್ಠೆಯಾದ ೪೨ ಅಡಿಯ ಗೊಮ್ಮಟನಿಗೆ ಕೈಪಿಡಿಯ ನೆರವು ಬೇಕಿಲ್ಲ. ಅವನು ಮೈಲುಗಳಾಚೆಗೂ ಕಾಣುತ್ತಾನೆ. ನೆರವು ಬೇಕಾದುದು ಕಲ್ಯಾಣಪುರದಂಥ ಊರುಗಳಿಗೆ. ಅಲ್ಲಿಯ ವಿದ್ಯಾವಂತರು ಕೂಡಿ ಎಂಟು ಪುಟದ ಒಂದು ಹೊತ್ತಗೆಯನ್ನು ಕನ್ನಡದಲ್ಲಿ ಬರೆಯಬಾರದೆ? ಅದರಲ್ಲಿ ಹೊಳೆಯ ದಾರಿಯೂ ಕುದ್ರುಗಳ ಹೆಸರೂ ಇರಲಿ. ಇಗರ್ಜಿಯ ಮತ್ತು ದೇವಸ್ಥಾನಗಳ ಕಥೆಯನ್ನು ಅವರವರ ಮನೆಯ ಹಿರಿಯರಿಂದಲೇ ಕೇಳಿ ಬರೆಯಲಿ. ಇಸವಿಯಿದ್ದಲ್ಲಿ ಇಸವಿಯನ್ನೂ ಐತಿಹ್ಯವಿದ್ದಲ್ಲಿ 'ಹೀಗೆ ಹೇಳುವರು' ಎಂಬ ಮಾತನ್ನೂ ಇಡಲಿ. ಕಲ್ಲಿಯಾನದ ವಾದವನ್ನೂ, ಅದು ವಾದವೆಂದೇ, ಕೊನೆಯಲ್ಲಿ ಎರಡು ಸಾಲಿನಲ್ಲಿ ಹೇಳಲಿ. ಯಾವ ಗುಡಿಯಲ್ಲಿ ಅಂಗಿ ತೆಗೆಯಬೇಕು, ಎಲ್ಲಿ ಸದ್ದಿಲ್ಲದೆ ನಿಲ್ಲಬೇಕು ಎಂಬುದನ್ನೂ ಬರೆದರೆ, ಹಳೆಯ ಸ್ಥಳಪುರಾಣವು ಯಾತ್ರಿಕನಿಗೆ ವಿಧಿಸುತ್ತಿದ್ದ ವ್ರತದ ಒಂದು ಅಂಶವಾದರೂ ಮರಳಿ ಬಂದೀತು. ಅಂಥ ಹೊತ್ತಗೆಯನ್ನು ಕೈಯಲ್ಲಿ ಹಿಡಿದು ಸೇತುವೆಯ ಬಳಿ ವಾಹನದಿಂದಿಳಿಯುವ ಹತ್ತು ಮಂದಿ, ಅರ್ಧ ನಿಮಿಷ ನೋಡಿ ಹೋಗುವ ಹತ್ತು ಸಾವಿರ ಮಂದಿಗಿಂತ ಊರಿಗೆ ಹೆಚ್ಚಿನ ಬಂಧುಗಳು.