ಕಾಮತರ ಪರೀಕ್ಷೆ, ನಮ್ಮ ಮನಶ್ಶಾಸ್ತ್ರ ಪದವಿ

ಬೆಳಗಾವಿ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1934ರಲ್ಲಿ, ವಿ.ವಿ. ಕಾಮತ್ ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ‘ಬಾಂಬೆ–ಕರ್ನಾಟಕ ಪರಿಷ್ಕರಣೆ’ ಎಂದು ಹೆಸರಾದ ಆ ಕೆಲಸವೇ ಇಂದಿನ ಬಿನೆ–ಕಾಮತ್ ಪರೀಕ್ಷೆ. ಎರಡು ಭಾಷೆಯ ಸೀಮೆಯಲ್ಲಿ ಮಗುವಿನ ಬುದ್ಧಿ ಅಳೆಯಬೇಕಾದರೆ ಎರಡೂ ಭಾಷೆಯಲ್ಲಿ ಸಿದ್ಧರಿರಬೇಕು ಎಂಬುದನ್ನು ಅವರು ತೊಂಬತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದರು. ನಮ್ಮ ಮನಶ್ಶಾಸ್ತ್ರ ಪದವಿಗಳು ಇವತ್ತಿಗೂ ಅಲ್ಲಿಗೆ ತಲುಪಿಲ್ಲ.

ಪರೀಕ್ಷೆಯ ಕಟ್ಟೋಣ ಸರಳ. ಮೂರರ ವಯಸ್ಸಿನಿಂದ ಆರಂಭಿಸಿ, ಆಯಾ ವಯಸ್ಸಿಗೆ ತಕ್ಕ ಮಟ್ಟಗಳಲ್ಲಿ ಪ್ರಶ್ನೆಗಳಿವೆ. ಹೇಳಿದ ಅಂಕಿಗಳನ್ನು ಮಗು ಅದೇ ಕ್ರಮದಲ್ಲಿ ಒಪ್ಪಿಸಬೇಕು, ಎರಡು ವಸ್ತುಗಳ ನಡುವಿನ ಹೋಲಿಕೆ ಹೇಳಬೇಕು, ಒಂದು ಮಾತಿನೊಳಗಿನ ಅಸಂಬದ್ಧತೆಯನ್ನು ಹಿಡಿಯಬೇಕು. ಕೆಳಗಿನ ಮಟ್ಟಗಳಲ್ಲಿ ವರ್ಷಕ್ಕೆ ಆರು ಪ್ರಶ್ನೆ, ಒಂದೊಂದಕ್ಕೆ ಎರಡು ತಿಂಗಳ ಲೆಕ್ಕ. ಹೀಗೆ ಬಂದ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಐಕ್ಯೂ ಸಿಗುತ್ತದೆ. ದುಬಾರಿ ಪೆಟ್ಟಿಗೆ, ಯಂತ್ರಗಳ ಹಂಗಿಲ್ಲ. ಇದೇ ಅದರ ದೊಡ್ಡ ಗುಣ.

ದೋಷವೂ ಅಲ್ಲೇ ಇದೆ. ಪರೀಕ್ಷೆ ಬಹುಪಾಲು ಮಾತನ್ನೇ ನೆಚ್ಚಿಕೊಂಡಿದೆ. ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಕಡೆಯ ಎಂಟು ವರ್ಷದ ಮಗುವೊಂದನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ, ಪರೀಕ್ಷೆ ಮಾಡುವವರದು ಪುಸ್ತಕದ ಕನ್ನಡ. ಮಾನಸಿಕ ವಯಸ್ಸು ಆರು ಬಂದರೆ ಐಕ್ಯೂ 75. ಮೂರೇ ಮೂರು ಪ್ರಶ್ನೆ ಭಾಷೆಯ ಕಾರಣಕ್ಕೆ ಕೈತಪ್ಪಿದರೆ ಅದು 69ಕ್ಕೆ ಇಳಿಯುತ್ತದೆ. ಬೌದ್ಧಿಕ ಅಂಗವೈಕಲ್ಯದ ಗೆರೆ 70ರ ಆಸುಪಾಸಿನಲ್ಲಿದೆ. ಅಂಕಿಯ ಜೊತೆ ಮಗುವಿನ ದೈನಂದಿನ ನಡವಳಿಕೆಯನ್ನೂ ನೋಡಬೇಕೆಂಬ ನಿಯಮ ಇದೆ, ನಿಜ. ಆದರೆ ಫೈಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಂಕಿಯೇ. ಪರೀಕ್ಷೆಯ ಮಾನದಂಡಗಳೂ ಬಹಳ ಹಳತಾಗಿವೆ. ಕಾಮತರ ಕಾಲದ ಮಗುವಿನ ಲೋಕವೇ ಬೇರೆ, ಮೊಬೈಲ್ ಹಿಡಿದ ಇಂದಿನ ಮಗುವಿನ ಲೋಕವೇ ಬೇರೆ.

ಈ ಮಗುವಿನ ಎದುರು ಕೂರುವವರನ್ನು ನಮ್ಮ ವಿಶ್ವವಿದ್ಯಾಲಯಗಳು ಹೇಗೆ ತಯಾರು ಮಾಡುತ್ತಿವೆ? ಬಿ.ಎ.ಯಲ್ಲಿ ಮನಶ್ಶಾಸ್ತ್ರ ಹಲವು ವಿಷಯಗಳ ನಡುವೆ ಒಂದು. ಪ್ರಾಕ್ಟಿಕಲ್ ಎಂದರೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವುದು, ಮುಲ್ಲರ್–ಲಯರ್ ಭ್ರಮೆಯ ಗೆರೆಗಳನ್ನು ಸರಿಹೊಂದಿಸುವುದು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸುವುದು. ಪಕ್ಕದ ಬೆಂಚಿನ ಗೆಳತಿಯೇ ಪ್ರಯೋಗಕ್ಕೆ ಸಿಕ್ಕ ವ್ಯಕ್ತಿ. ಜರ್ನಲ್ ಬರೆದು ಸಹಿ ಹಾಕಿಸಿಕೊಂಡರೆ ಆಯಿತು. ಇವನ್ನು ಹೀಗಳೆಯಲಾರೆ. ಅಳತೆಯ ಶಿಸ್ತು ಕಲಿಯುವುದು ಹೀಗೆಯೇ. ಆದರೆ ಅಳುವ ತಾಯಿಯ ಮುಂದೆ ಹೇಗೆ ಕೂರಬೇಕು, ಹಿಂಜರಿಯುವ ಹುಡುಗನಿಂದ ಹೇಗೆ ಮಾತು ಹೊರಡಿಸಬೇಕು, ಮರಾಠಿಯಲ್ಲಿ ಹೇಳಿದ ಸಂಕಟವನ್ನು ಕನ್ನಡದಲ್ಲಿ ಹೇಗೆ ದಾಖಲಿಸಬೇಕು ಎಂಬುದಕ್ಕೆ ಜರ್ನಲ್‌ನಲ್ಲಿ ಪುಟವೇ ಇಲ್ಲ.

ಪದವಿಯ ಮುಂದಿನ ದಾರಿ ಇನ್ನೂ ಕಿರಿದು. ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದರೂ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ, ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿಯನ್ನು ಕೇಳುತ್ತದೆ. ಬಹುಕಾಲ ಅದು ಎರಡು ವರ್ಷದ ಎಂ.ಫಿಲ್ ಆಗಿತ್ತು. ಅಲ್ಲಿಗೆ ಪಿಯುಸಿಯ ನಂತರ ಏಳು ವರ್ಷ. ಈ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬೆಳಗಾವಿಯವರಾದ ನಮಗೆ ಹತ್ತಿರವೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಸೀಟುಗಳು ಬೆರಳೆಣಿಕೆಯವು. ಯುಜಿಸಿ 2022ರಲ್ಲಿ ಎಂ.ಫಿಲ್ ಅನ್ನೇ ಕೈಬಿಟ್ಟು, ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತು. ಜೊತೆಗೆ ಪುನರ್ವಸತಿ ಮಂಡಳಿ ಹೊಸ ಕೋರ್ಸುಗಳ ಚೌಕಟ್ಟು ತಂದಿದೆ. ಇಷ್ಟು ಬದಲಾವಣೆಗಳ ನಡುವೆ ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿನಿಯನ್ನು ಕೂರಿಸಿ ತಿಳಿಸಿ ಹೇಳುವವರು ಬೇಕು. ಅದು ಕಾಲೇಜಿನ ಕೆಲಸ.

ಕೆಲಸ ಬಿಡಲಾಗದ, ಊರು ಬಿಡಲಾಗದವರಿಗೆ ದೂರಶಿಕ್ಷಣದ ಎಂ.ಎ. ಒಂದು ಆಸರೆಯಾಗಿತ್ತು. 2025ರ ಆಗಸ್ಟ್‌ನಲ್ಲಿ ಯುಜಿಸಿ ಮನಶ್ಶಾಸ್ತ್ರವನ್ನೂ ಸೇರಿಸಿ ಆರೋಗ್ಯ ಸಂಬಂಧಿ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸದಂತೆ ಹೇಳಿತು. ಮನುಷ್ಯರನ್ನು ಎದುರಿಗೆ ಕೂರಿಸಿಕೊಳ್ಳದೆ ಈ ವಿದ್ಯೆ ಬಾರದು, ಆದ್ದರಿಂದ ತೀರ್ಮಾನ ಸರಿ. ಆದರೆ ಬಾಗಿಲು ಮುಚ್ಚಿದ ವೇಗದಲ್ಲಿ ಹತ್ತಿರದ ಊರುಗಳಲ್ಲಿ ಸೀಟು ತೆರೆಯದಿದ್ದರೆ ಖಾನಾಪುರದ ಹುಡುಗಿಗೆ ಅದು ನಷ್ಟವೇ.

ಪರಿಹಾರ ದೂರದಲ್ಲೇನೂ ಇಲ್ಲ. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಪದವಿಯ ಕೊನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ವಿದ್ಯಾರ್ಥಿಗಳನ್ನು ಅಲ್ಲಿಯ ಹೊರರೋಗಿ ವಿಭಾಗಕ್ಕೂ ತಾಲೂಕು ಶಿಬಿರಗಳಿಗೂ ಕಳಿಸಬಹುದು. ಚಿಕಿತ್ಸೆ ಕೊಡಲು ಅಲ್ಲ, ನೋಡಿ ಕಲಿಯಲು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಮತ್ತು ಡಿಮ್ಹಾನ್ಸ್ ಕೈಜೋಡಿಸಿದರೆ ಕಾಮತರ ಪರೀಕ್ಷೆಗೆ ಈ ಭಾಗದ ಕನ್ನಡ, ಮರಾಠಿ ಮಕ್ಕಳಿಂದಲೇ ಹೊಸ ಮಾನದಂಡ ಕಟ್ಟಬಹುದು. ಪಿಎಚ್.ಡಿ. ವಿಷಯಕ್ಕೆ ಹುಡುಕಾಡುವವರಿಗೆ ಇದಕ್ಕಿಂತ ಯೋಗ್ಯವಾದದ್ದು ಸಿಗಲಾರದು.

ಒಟ್ಟಿನಲ್ಲಿ ಮನಶ್ಶಾಸ್ತ್ರದ ಬಿ.ಎ. ಓದಲು ಯೋಗ್ಯವಾದ ಪದವಿ, ಆದರೆ ಅದು ಮೊದಲ ಹೆಜ್ಜೆ ಮಾತ್ರ. ಈ ವರ್ಷ ಸೇರುವವರಿಗೆ ನನ್ನ ಮಾತು ಇಷ್ಟೇ: ಆಪ್ತಸಮಾಲೋಚನೆಯ ಡಿಪ್ಲೊಮಾ ಎಂದು ಯಾರಾದರೂ ಕರೆದರೆ ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಪುನರ್ವಸತಿ ಮಂಡಳಿಯ ಮಾನ್ಯತೆ ಇದೆಯೇ? ಆಸ್ಪತ್ರೆಯಲ್ಲಿ ಎಷ್ಟು ಗಂಟೆ ತರಬೇತಿ? ಉತ್ತರ ತಡವರಿಸಿದರೆ ಧಾರವಾಡದ ಬಸ್ಸು ಹತ್ತಿ, ಅಲ್ಲಿ ವಿಚಾರಿಸಿ ಬನ್ನಿ.